ಮೂರು ಕೊಟೇಶನ್, ಒಂದು ದ್ವೀಪ

ಮಾಲ್ದೀವ್ಸಿಗೆ ಹೋಗುವ ಮಾತನ್ನು ಮೊದಲು ತೆಗೆದವರು ಶಾಮಲಾ ಅಲ್ಲ, ಅವರ ಗಂಡ ತಿರುಮಲೇಶ. ಅದೂ ಮೈಕಿನಲ್ಲಿ, ನೂರಿಪ್ಪತ್ತು ಜನರ ಮುಂದೆ.

ಅಂದು ಶಾಮಲಾ ಅವರಿಗೆ ಬೀಳ್ಕೊಡುಗೆ. ಮುಂಬಯಿಯ ಚೆಂಬೂರಿನಾಚೆಯ ಒಂದು ಗೊಬ್ಬರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ಆ ಸಂಜೆ ಅವರು ನಿವೃತ್ತರಾಗುತ್ತಿದ್ದರು. ಟೈಪಿಸ್ಟ್ ಆಗಿ ಸೇರಿದವರು ಖರೀದಿ ವಿಭಾಗದ ಅಧಿಕಾರಿಯಾಗಿ ಹೊರಗೆ ಬರುತ್ತಿದ್ದರು. ಕ್ಯಾಂಟೀನಿನಲ್ಲಿ ಕುರ್ಚಿ ಸಾಲು, ಸಮೋಸಾ, ವೇಫರ್ಸ್, ಬರ್ಫಿ. ಅದೇ ದಿನ ನಿವೃತ್ತರಾಗುತ್ತಿದ್ದ ಅಣವೀರಪ್ಪ ಎಂಬ ಸಹೋದ್ಯೋಗಿ ಮೈಕ್ ಹಿಡಿದು, "ಇಷ್ಟು ವರ್ಷ ಈ ಕಾರ್ಖಾನಿ ಬಿಟ್ರ ಬ್ಯಾರೇ ಏನೂ ನೋಡ್ಲಿಲ್ರಿ ನಾ. ಈಗ ನಮ್ಮ ಮನಿಯಾಕೀನ್ನ ಕರಕೊಂಡು ಕಾಶ್ಮೀರಕ್ಕ ಹೊಂಟೇನಿ. ಟಿಕೇಟ್ ಸೈತ ತಗದೇನ್ರಿ!" ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಮುಂದಿನ ಸರದಿ ತಿರುಮಲೇಶರದು. ಹೆಂಡತಿಯ ಪರವಾಗಿ ಧನ್ಯವಾದ ಹೇಳಲು ನಾಲ್ಕು ಸಾಲು ಬರೆದುಕೊಂಡು ಹೋಗಿದ್ದರು. ಚಪ್ಪಾಳೆಯ ಸದ್ದಿಗೆ ಆ ನಾಲ್ಕು ಸಾಲೂ ತಲೆಯಿಂದ ಹಾರಿಹೋಯಿತು. ಚೀಟಿ ಯಾವ ಜೇಬಿನಲ್ಲಿದೆ ಎಂದು ತಡಕಾಡುತ್ತಲೇ ಬಾಯಿ ತೆರೆದರು. "ನಾನು... ನಾನು ಶಾಮಲಾನ ಮಾಲ್ದೀವ್ಸ್‌ಗೆ ಕರ್ಕೊಂಡು ಹೋಗ್ತಾ ಇದೀನಿ."

ಕಾಶ್ಮೀರಕ್ಕೆ ಬಿದ್ದದ್ದರ ಎರಡರಷ್ಟು ಚಪ್ಪಾಳೆ ಬಿತ್ತು. ಯಾರೋ ಸೀಟಿ ಹೊಡೆದರು. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡು ಕುಳಿತಿದ್ದ ಶಾಮಲಾ ಮಾತ್ರ, ಕೇಳದೇ ಇದ್ದ ಸಾಮಾನನ್ನು ಲಾರಿಯಲ್ಲಿ ತಂದು ಗೇಟಿನೆದುರು ಇಳಿಸಿದವನನ್ನು ನೋಡುವಂತೆ ಗಂಡನನ್ನು ನೋಡಿದರು.

ಮನೆಗೆ ಬರುವಾಗ ರಿಕ್ಷಾದಲ್ಲಿ ಕೇಳಿದರು: "ಮಾಲ್ದೀವ್ಸ್ ಎಲ್ಲಿದೆ, ಗೊತ್ತೇನ್ರೀ?"

"ಕೇರಳದ ಕೆಳಗೆ ಎಲ್ಲೋ."

"ಎಷ್ಟಾಗತ್ತೆ, ಗೊತ್ತಾ?"

ತಿರುಮಲೇಶ ರಿಕ್ಷಾದ ಮೀಟರನ್ನೇ ನೋಡುತ್ತ ಕುಳಿತರು. ರಾತ್ರಿ ಊಟಕ್ಕೆ ಹುಳಿ, ಹಪ್ಪಳ. ಮಾತು ಮತ್ತೆ ಬರಲಿಲ್ಲ. ಗಂಡಾಂತರ ಕಳೆಯಿತು ಎಂದುಕೊಂಡು ಅವರು ಮಲಗಿದರು.

ಮೂವತ್ತೇಳು ವರ್ಷ ಸಂಸಾರ ಮಾಡಿದ ಮೇಲೂ ಅವರು ಹೀಗೆ ಅಂದುಕೊಂಡದ್ದು ಆಶ್ಚರ್ಯವೇ. ಖರೀದಿ ವಿಭಾಗದಲ್ಲಿ ಇಂಡೆಂಟ್ ಎಂಬುದೊಂದು ಇರುತ್ತದೆ. ನಮಗೆ ಇಂಥ ಸಾಮಾನು ಬೇಕು ಎಂದು ಬೇರೆ ವಿಭಾಗದವರು ಬರೆದು ಕಳಿಸುವ ಚೀಟಿ ಅದು. ಚೀಟಿ ಬಂತೆಂದರೆ ಸಾಮಾನು ತರಿಸಬೇಕು, ಇಲ್ಲವೇ ಏಕೆ ತರಿಸುವುದಿಲ್ಲ ಎಂದು ಕಾರಣ ಬರೆದು ಮುಚ್ಚಬೇಕು. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವಂತಿಲ್ಲ. ಶಾಮಲಾ ಅವರ ಮೇಜಿನ ಮೇಲೆ ಮೂವತ್ತೊಂದು ವರ್ಷದಲ್ಲಿ ಒಂದೂ ಹಾಗೆ ಬಿದ್ದಿರಲಿಲ್ಲ.

ಎರಡನೆಯ ನಿಯಮ, ಏನೇ ಕೊಳ್ಳಲಿ, ಮೂರು ಕಡೆಯಿಂದ ಕೊಟೇಶನ್ ತರಿಸಿ ಹೋಲಿಸಬೇಕು. ಕಾರ್ಖಾನೆಯ ಈ ನಿಯಮ ಮನೆಗೂ ಬಂದು ಬಹಳ ಕಾಲವಾಗಿತ್ತು. ಹಾಸಿಗೆ, ಗ್ರೈಂಡರ್, ಕಿಟಕಿಯ ಗ್ರಿಲ್ ಎಲ್ಲಕ್ಕೂ ಮೂರು. "ಧಾತ್ರಿ ಮದುವೆಗೂ ಮೂರು ಗಂಡುಗಳ ಕೊಟೇಶನ್ ತರಿಸಿದ್ಲು" ಎಂದು ತಿರುಮಲೇಶ ಬಂದವರ ಮುಂದೆ ನಗಾಡುತ್ತಿದ್ದರು. ಅದು ಸುಳ್ಳು. ಮಗಳು ಧಾತ್ರಿ ಭಾಂಡುಪಿನ ತಿಲಕ್ ಎಂಬ ಹುಡುಗನನ್ನು ತಾನೇ ಕರೆದುಕೊಂಡು ಬಂದು ನಿಲ್ಲಿಸಿದ್ದಳು. ಶಾಮಲಾ ಎರಡು ಸಲ ಕಾಫಿ ಕೊಟ್ಟು ಮಾತಾಡಿಸಿ ಒಪ್ಪಿಗೆ ಹಾಕಿದ್ದರು.

ನಿವೃತ್ತಿಯ ನಂತರದ ಮೊದಲ ಸೋಮವಾರ ಬೆಳಗ್ಗೆ ತಿರುಮಲೇಶ ಪೇಪರ್ ಓದುತ್ತಿದ್ದಾಗ, ಶಾಮಲಾ ಒಂದು ಹೊಸ ಫೈಲು ತಂದು ಊಟದ ಮೇಜಿನ ಮೇಲೆ ಇಟ್ಟರು. ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: "ವಿಷಯ: ದ್ವೀಪ."

"ಇದೇನೇ ಇದು?"

"ನೀವೇ ಎತ್ತಿದ ವಿಷಯ. ಬೆಲೆಗೆ ತಕ್ಕ ಹಾಗೆ ಇದ್ರೆ ಹೋಗೋಣ. ಇಲ್ದಿದ್ರೆ ಕಾರಣ ಬರೆದು ಮುಚ್ಚೋಣ. ಅದಕ್ಕೇನು ಅಷ್ಟು ಬೆವರ್ತೀರಿ, ಫ್ಯಾನ್ ಜೋರು ಮಾಡ್ಲಾ?"

ಮೊದಲ ಕೊಟೇಶನ್ ಘಾಟ್ಕೋಪರಿನ ಒಂದು ದೊಡ್ಡ ಆಫೀಸಿನಿಂದ ಬಂತು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆ, ನಾಲ್ಕು ರಾತ್ರಿ, ಇಬ್ಬರಿಗೆ ಮೂರು ಲಕ್ಷದ ಅರವತ್ತೆರಡು ಸಾವಿರ. ಎರಡನೆಯದನ್ನು ಧಾತ್ರಿ ಫೋನಿನಲ್ಲೇ ಹುಡುಕಿ ಕಳಿಸಿದಳು. ಮರಳಿನ ಮೇಲಿನ ಕಾಟೇಜ್, ಎರಡು ಲಕ್ಷದ ಇಪ್ಪತ್ತನಾಲ್ಕು ಸಾವಿರ. ಮೂರನೆಯದು ಚೆಂಬೂರು ಸ್ಟೇಷನ್ ಹತ್ತಿರ ಸಣ್ಣ ಟ್ರಾವೆಲ್ಸ್ ನಡೆಸುವ ಧನರಾಜ್ ಎಂಬವನದು. ಮಂಗಳೂರಿನ ಕಡೆಯವನು. ಮೊದಲು ಚಿಕ್ಕಪ್ಪನ ಹೋಟೆಲಿನ ಗಲ್ಲಾದಲ್ಲಿದ್ದವನು ಈಗ ಟಿಕೆಟ್ ಮಾರುತ್ತಿದ್ದ. ಶಾಮಲಾ ಅವನಲ್ಲಿಗೆ ಖುದ್ದಾಗಿ ಹೋದರು. ಜೊತೆಗೆ ತಿರುಮಲೇಶರನ್ನೂ ಎಳೆದುಕೊಂಡು ಹೋದರು.

"ಬನ್ನಿ ಮೇಡಂ, ಕೂತ್ಕೊಳ್ಳಿ. ನೀರು ಅಂದ್ರೆ ನೀರು ಮಾರಾಯ್ರೆ! ಗಾಜಿನ ಹಾಗೆ. ನೀವು ಒಮ್ಮೆ ಹೋಗಿ ಬನ್ನಿ, ಆಮೇಲೆ ನನ್ನನ್ನು ನೆನಪು ಮಾಡ್ತೀರಿ."

"ಮನೆ ಬಾಗಿಲಿಗೆ ತಲುಪಿಸೋ ರೇಟ್ ಹೇಳಿ" ಎಂದರು ಶಾಮಲಾ.

"ಎಂಥ ಬಾಗಿಲು?"

"ವಿಮಾನ ಇಳಿದ ಮೇಲೆ ದೋಣಿಗೆ ಬೇರೆ ದುಡ್ಡು, ದೋಣಿ ಇಳಿದ ಮೇಲೆ ಟ್ಯಾಕ್ಸ್ ಬೇರೆ ಅಂತೆಲ್ಲ ಆಮೇಲೆ ಹೇಳೋ ಹಾಗಿಲ್ಲ. ಚೆಂಬೂರಿಂದ ಹೊರಟು ಚೆಂಬೂರಿಗೆ ಬಂದು ಬೀಳೋ ತನಕ ಒಂದೇ ರೇಟು."

ಧನರಾಜ್ ಕ್ಯಾಲ್ಕ್ಯುಲೇಟರ್ ಹತ್ತಿರಕ್ಕೆ ಎಳೆದುಕೊಂಡ. ಅರ್ಧ ಗಂಟೆ ಲೆಕ್ಕ ಹಾಕಿದ. ಊರಿನ ಜನರೇ ಬದುಕುವ ಒಂದು ಪುಟ್ಟ ದ್ವೀಪ, ಅಲ್ಲಿ ಹೆಂಗಸೊಬ್ಬಳು ನಡೆಸುವ ಗೆಸ್ಟ್ ಹೌಸ್, ಬೆಳಗಿನ ತಿಂಡಿ, ರಾತ್ರಿಯ ಊಟ, ವಿಮಾನ, ದೋಣಿ ಎಲ್ಲ ಸೇರಿ ಒಂದು ಲಕ್ಷದ ನಲವತ್ತನಾಲ್ಕು ಸಾವಿರ. ಶಾಮಲಾ ಅದನ್ನು ಕಾಗದದಲ್ಲಿ ಬರೆಸಿದರು. ಕೆಳಗೆ "ಈ ದರ ಹದಿನೈದು ದಿನ ಊರ್ಜಿತ" ಎಂದು ಸೇರಿಸಿ ಸಹಿಯನ್ನೂ ಹಾಕಿಸಿದರು.

"ನನ್ನ ಮದುವೆಯ ರಿಜಿಸ್ಟರಿಗೆ ಸಹ ಇಷ್ಟು ಹೆದರಿ ಸೈನ್ ಮಾಡ್ಲಿಲ್ಲ ಮೇಡಂ" ಎಂದ ಧನರಾಜ್.

ಅನಂತರ ಹೋಲಿಕೆಯ ಪಟ್ಟಿ ಶುರುವಾಯಿತು. ದ್ವೀಪಕ್ಕೆ ಹೋದರೆ ನಮಗೆ ಸಿಗುವುದೇನು? ಅದೇ ವಸ್ತು ಮುಂಬಯಿಯಲ್ಲಿ ಎಷ್ಟಕ್ಕೆ ಸಿಗುತ್ತದೆ? ಸಮುದ್ರ: ಜುಹುವಿನಲ್ಲಿ ಪುಕ್ಕಟೆ. ಮರಳು: ಅಲ್ಲೇ, ಪುಕ್ಕಟೆ, ಮನೆಯ ತನಕ ಜೊತೆಗೂ ಬರುತ್ತದೆ. ತೆಂಗಿನಮರ: ಕಾಲನಿಯ ಹಿಂದುಗಡೆ ನಾಲ್ಕು ಇವೆ, ಕೆಳಗೆ ನಿಂತರೆ ತಲೆಯ ಜವಾಬ್ದಾರಿ ಸೊಸೈಟಿಯದಲ್ಲ ಎಂಬ ಬೋರ್ಡಿನ ಸಮೇತ. ಸೂರ್ಯಾಸ್ತ: ಅಡುಗೆಮನೆ ಕಿಟಕಿಯಿಂದ ಮಾರ್ಚ್ ತಿಂಗಳಲ್ಲಿ ಕಾಣುತ್ತದೆ.

ಐದನೆಯ ಸಾಲಿಗೆ ಬಂದು ಪೆನ್ನು ನಿಂತಿತು. ಆ ಸಾಲಿನಲ್ಲಿ ಬರೆದದ್ದು "ಸದ್ದಿಲ್ಲದಿರುವುದು".

ಪಕ್ಕದ ಮೂರಂತಸ್ತಿನ ಬಿಲ್ಡಿಂಗ್ ಅನ್ನು ಆ ವರ್ಷ ಕೆಡವಿದ್ದರು. ಇಪ್ಪತ್ತೆರಡು ಮಹಡಿಯ ಟವರ್ ಬರುವುದಿತ್ತು. ಬೆಳಗ್ಗೆ ಎಂಟಕ್ಕೆ ನೆಲಕ್ಕೆ ಕಂಬ ಬಡಿಯುವ ಪೈಲಿಂಗ್ ಮಶೀನು ಶುರುವಾದರೆ ಸಂಜೆಯವರೆಗೂ ಧಡ್, ಧಡ್. ಕಪಾಟಿನ ಲೋಟಗಳು ತಾವೇ ನಡೆದು ಅಂಚಿಗೆ ಬರುತ್ತಿದ್ದವು. ತಿರುಮಲೇಶ ಟಿವಿಯ ಸದ್ದು ಏರಿಸುತ್ತಿದ್ದರು. ಅದನ್ನು ಮೀರಿಸಲು ಶಾಮಲಾ ದನಿ ಏರಿಸುತ್ತಿದ್ದರು. ಆಫೀಸಿಗೆ ಹೋಗುವಷ್ಟು ದಿನ ಇದು ಅವರಿಗೆ ಇಷ್ಟು ತಿಳಿದಿರಲಿಲ್ಲ.

ಸದ್ದಿಲ್ಲದ ಜಾಗ ಹತ್ತಿರದಲ್ಲಿ ಎಲ್ಲಾದರೂ ಇದೆಯೇ ಎಂದು ಎರಡು ದಿನ ವಿಚಾರಿಸಿದರು. ಲೈಬ್ರರಿ ಎದುರಿನ ರಸ್ತೆಯಲ್ಲಿ ಮೆಟ್ರೋ ಕೆಲಸ. ದೇವಸ್ಥಾನದಲ್ಲಿ ಮೈಕು. ಧಾತ್ರಿಯ ಮನೆಯಲ್ಲಿ ಮೇಲಿನವರು ಟೈಲ್ಸ್ ಬದಲಿಸುತ್ತಿದ್ದರು. ಕೊನೆಗೆ ಆ ಸಾಲಿನ ಮುಂದೆ ಬರೆದರು: "ಸ್ಥಳೀಯವಾಗಿ ಲಭ್ಯವಿಲ್ಲ."

"ಹಾಗಾದ್ರೆ ಹೋಗೋದೇನಾ?" ಎಂದು ತಿರುಮಲೇಶ ಅಳುಕುತ್ತ ಕೇಳಿದರು.

"ಸ್ಯಾಂಪಲ್ ನೋಡ್ದೆ ಇಷ್ಟು ದೊಡ್ಡ ಆರ್ಡರ್ ಯಾರಾದ್ರೂ ಹಾಕ್ತಾರಾ?"

ಸ್ಯಾಂಪಲ್ ಎಂದರೆ ಮುಂಬಯಿಯ ಅಂಚಿನ ಕಡಲತೀರದ ಹಳ್ಳಿ, ಮನೋರಿ. ಒಂದು ಬುಧವಾರ ಇಬ್ಬರೂ ಮಲಾಡಿಗೆ ಹೋಗಿ, ಮಾರ್ವೆಯಿಂದ ದೋಣಿ ಹತ್ತಿದರು. ಹಿನ್ನೀರಿನ ಖಾಡಿ ದಾಟಲು ಬೇಕಾದದ್ದು ಕೆಲವೇ ನಿಮಿಷ. ಆ ನಿಮಿಷಗಳಷ್ಟೂ ತಿರುಮಲೇಶ ಒಂದು ಕೈಯಲ್ಲಿ ದೋಣಿಯ ಕಂಬಿಯನ್ನೂ ಇನ್ನೊಂದರಲ್ಲಿ ಪಕ್ಕದಲ್ಲಿ ನಿಂತಿದ್ದ ಸ್ಕೂಟರಿನ ಹ್ಯಾಂಡಲನ್ನೂ ಹಿಡಿದುಕೊಂಡಿದ್ದರು. ರಿಫೈನರಿಯಲ್ಲಿ ಇನ್ನೂರಡಿ ಎತ್ತರದ ಏಣಿ ಹತ್ತಿ ಮೀಟರ್ ರಿಪೇರಿ ಮಾಡಿದ ಮನುಷ್ಯ. ನೀರೆಂದರೆ ಮಾತ್ರ ಆಗುತ್ತಿರಲಿಲ್ಲ. ಹುಡುಗನಾಗಿದ್ದಾಗ ಕಪಿಲಾ ನದಿಯಲ್ಲಿ ಒಮ್ಮೆ ಮುಳುಗಿ ಎದ್ದವರು.

ದಡದಲ್ಲಿ ಒಂದು ಕಾಟೇಜಿನ ವರಾಂಡವನ್ನು ಹಗಲಿಗೆ ಬಾಡಿಗೆಗೆ ಹಿಡಿದರು. ಎರಡು ಈಸಿಚೇರು, ಎದುರಿಗೆ ಸಮುದ್ರ. ಶಾಮಲಾ ಇಬ್ಬರ ಫೋನನ್ನೂ ಆಫ್ ಮಾಡಿ ಚೀಲದೊಳಗಿಟ್ಟರು. ವಾಚು ನೋಡಿದರು. ಹತ್ತೂವರೆ.

ಹತ್ತು ಮುಕ್ಕಾಲಿಗೆ ತಿರುಮಲೇಶ ಎದ್ದು ಗೇಟಿನ ಸಡಿಲ ಸ್ಕ್ರೂವನ್ನು ನಾಣ್ಯದಿಂದ ಬಿಗಿ ಮಾಡಿದರು. ಹನ್ನೊಂದಕ್ಕೆ ಏಡಿಗಳನ್ನು ಎಣಿಸಿದರು, ಹದಿನೇಳು. ಹನ್ನೊಂದೂ ಹತ್ತಕ್ಕೆ ವಾಪಸ್ ಬಂದು ಕೇಳಿದರು: "ಈಗೇನು ಮಾಡ್ಬೇಕು?"

"ಏನೂ ಮಾಡ್ಬಾರ್ದು. ಅದನ್ನೇ ಟೆಸ್ಟ್ ಮಾಡ್ತಿರೋದು."

ಅವರು ಕುಳಿತರು. ಕಾಲು ಅಲ್ಲಾಡಿಸಿದರು. ಕಡೆಗೆ ತಡೆಯಲಾಗಲಿಲ್ಲ. "ಶಾಮೂ, ಒಂದು ಮಾತು. ಅವತ್ತು ಮೈಕಲ್ಲಿ ನಾನು... ಅದು ಸುಮ್ನೆ ಬಾಯಿಗೆ ಬಂದದ್ದು ಕಣೆ. ಅಣವೀರಪ್ಪ ಕಾಶ್ಮೀರ ಅಂದ್ಬಿಟ್ಟ. ಜನ ಕೈ ತಟ್ಟಿದ್ರು. ನನ್ನ ಚೀಟಿ ಬೇರೆ ಸಿಗ್ಲಿಲ್ಲ."

"ಗೊತ್ತು."

"ಗೊತ್ತಾ? ಗೊತ್ತಿದ್ದೂ ಮೂರು ಕೊಟೇಶನ್ ತರಿಸಿದ್ಯಾ?"

ಶಾಮಲಾ ಸಮುದ್ರದ ಕಡೆಗೇ ನೋಡುತ್ತಿದ್ದರು. "ಮೂವತ್ತೊಂದು ವರ್ಷ ಬೇರೆಯವರಿಗೆ ಬೇಕಾದ್ದನ್ನೇ ತರಿಸ್ಕೊಟ್ಟೆ ಕಣ್ರೀ. ಪಂಪು, ವಾಲ್ವು, ಗಂಧಕ, ಗೋಣಿಚೀಲ. ಒಂದ್ಸಲ ಕ್ಯಾಂಟೀನಿಗೆ ಆರು ಸಾವಿರ ಸ್ಟೀಲ್ ಚಮಚ. ಶಾಮಲಾಗೆ ಇದು ಬೇಕು ಅಂತ ಒಂದು ಚೀಟೀನೂ ಬಂದಿರ್ಲಿಲ್ಲ. ಮನೇಲೂ ಅಷ್ಟೆ, ನಾನೂ ಬರೀಲಿಲ್ಲ. ಅವತ್ತು ಬಂತು. ಸುಳ್ಳೋ ನಿಜವೋ, ಓದ್ದೆ ಹೇಗೆ ಹರಿದು ಹಾಕ್ಲಿ?"

ತಿರುಮಲೇಶ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರು. ಬಹಳ ಹೊತ್ತಿನ ಮೇಲೆ ಪಕ್ಕಕ್ಕೆ ತಿರುಗಿದರೆ ಹೆಂಡತಿ ಬಾಯಿ ತುಸು ತೆರೆದುಕೊಂಡು ನಿದ್ದೆ ಹೋಗಿದ್ದರು. ಹಗಲು ಹೊತ್ತು ಅವರು ಮಲಗಿದ್ದನ್ನು ತಿರುಮಲೇಶ ನೋಡಿದ್ದು ಧಾತ್ರಿ ಹುಟ್ಟಿದ ವಾರದಲ್ಲಿ. ಅದಾದ ಮೇಲೆ ಅವತ್ತೇ. ಕಾಗೆಯೊಂದು ವರಾಂಡಕ್ಕೆ ಬಂದಾಗ ಸದ್ದಾಗದ ಹಾಗೆ ಎದ್ದು, ಪೇಪರ್ ಬೀಸಿ ಓಡಿಸಿದರು. ಮೂರು ಗಂಟೆಯವರೆಗೂ ಅದೇ ಕೆಲಸ ಮಾಡಿದರು.

ಮರಳುವ ದೋಣಿಯಲ್ಲಿ ಕಂಬಿ ಹಿಡಿದುಕೊಂಡೇ ಹೇಳಿದರು: "ಹೋಗೋಣ. ಈಗ ಮೈಕಿಲ್ದೆ ಹೇಳ್ತಿದೀನಿ."

ಆದರೂ ಶಾಮಲಾ ಒಂದು ದಿನ ಫೈಲು ಮುಂದಿಟ್ಟುಕೊಂಡು ಯೋಚಿಸಿದರು. ನೀರಿನ ಮೇಲಿನ ಮನೆ ಬೇಡ, ತಿರುಮಲೇಶ ರಾತ್ರಿಯೆಲ್ಲ ಮಂಚದ ಕಾಲು ಹಿಡಿದುಕೊಂಡಿರುತ್ತಾರೆ. ಎರಡನೆಯದರ ರೇಟಿನಲ್ಲಿ ಹೆಚ್ಚಿನ ದುಡ್ಡೆಲ್ಲ ಇವರು ಕುಡಿಯದ ಮದ್ಯಕ್ಕೆ. ಉಳಿದದ್ದು ಧನರಾಜನದು. ಆರ್ಡರ್ ಹಾಕಲು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಅವನೇ ಮಾಡಿದ.

"ಮೇಡಂ, ಫ್ಲೈಟ್ ಏರಿ ಹೋಯ್ತು. ತಲೆಗೆ ಆರು ಸಾವಿರ ಹೆಚ್ಚು. ನಾನು ಎಂಥ ಮಾಡುದು?"

"ನಿಮ್ಮ ಕಾಗದದ ತಾರೀಖು ಯಾವುದು?"

"ಹನ್ನೆರಡು ದಿನ ಆಯ್ತು."

"ಊರ್ಜಿತ ಎಷ್ಟು ದಿನ?"

"ಹದಿನೈದು. ಆದ್ರೆ ಅದು ನೀವೇ ಬರೆಸಿದ್ದಲ್ವಾ ಮಾರಾಯ್ರೆ!"

"ಸಹಿ ಯಾರದು?"

ಶಾಮಲಾ ಅವರ ಕೈಯಲ್ಲಿ ಗೆಲುವಿತ್ತು. ಅದನ್ನು ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. "ಅರ್ಧ ನನ್ನದು, ಅರ್ಧ ನಿಮ್ಮದು ಧನರಾಜ್. ನಿಮ್ಮನ್ನ ನಷ್ಟಕ್ಕೆ ತಳ್ಳಿ ನಾನು ಅಲ್ಲಿ ಕೂತು ಸಮುದ್ರ ನೋಡೋಕಾಗಲ್ಲ."

ಹೀಗೆ ಒಂದೂವರೆ ಲಕ್ಷಕ್ಕೆ ತೀರ್ಮಾನವಾಗಿ, ಜನವರಿಯ ಎರಡನೆಯ ವಾರ ಹೊರಟರು. ಒಂದು ಚೀಲದಲ್ಲಿ ಬಟ್ಟೆ. ಇನ್ನೊಂದರಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಒಂದು ಪುಟ್ಟ ಕುಕ್ಕರು.

ಗೆಸ್ಟ್ ಹೌಸಿನ ಒಡತಿ ಶಿಫಾ, ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಟಿವಿ ನೋಡಿ ಕಲಿತ ಹಿಂದಿಯಲ್ಲಿ ಪಟಪಟ ಮಾತಾಡುತ್ತಿದ್ದಳು. ಮೊದಲ ರಾತ್ರಿ ಬಡಿಸಿದ ಬೇಳೆಯಲ್ಲಿ ಏನೋ ಚೂರುಗಳಿದ್ದವು. "ಇದು ಮೀನಲ್ವಾ?" ಎಂದು ಶಾಮಲಾ ಹಿಂದಿಯಲ್ಲಿ ಕೇಳಿದರೆ ಶಿಫಾ ಅಷ್ಟೇ ಪ್ರಾಮಾಣಿಕವಾಗಿ, "ಸ್ವಲ್ಪವೇ, ರುಚಿಗೆ!" ಎಂದಳು. ಆ ರಾತ್ರಿ ಅವಲಕ್ಕಿ. ಮರುದಿನದಿಂದ ಶಿಫಾ ತೆಂಗಿನಕಾಯಿ ಹಾಕಿದ ರೊಟ್ಟಿ, ಕುಂಬಳಕಾಯಿ ಪಲ್ಯ ಮಾಡಿದಳು. ಚಟ್ನಿಪುಡಿಯ ಡಬ್ಬಿ ಮೂರನೆಯ ದಿನಕ್ಕೆ ಅವಳ ಅಡುಗೆಮನೆಗೆ ದಾಟಿತ್ತು.

ಮೊದಲ ಎರಡು ದಿನ ಹೇಳುವಂಥದ್ದೇನೂ ನಡೆಯಲಿಲ್ಲ. ಒಂದು ದಿನ ಮಳೆ ಬಂತು. ತಿರುಮಲೇಶ ನೀರಿಗೆ ಬೆನ್ನು ಹಾಕಿ ಕುಳಿತು ಶಿಫಾಳ ಕೆಟ್ಟ ಪಂಪನ್ನು ಬಿಚ್ಚಿ ಜೋಡಿಸಿದರು. ಶಾಮಲಾ ಮಲಗಿದರು, ಎದ್ದು ಉಂಡರು, ಮತ್ತೆ ಮಲಗಿದರು. ಎರಡನೆಯ ಸಂಜೆ ಮಾತ್ರ ಅವರಿಗೆ ಸಣ್ಣಗೆ ಕಸಿವಿಸಿಯಾಯಿತು. "ಒಂದೂವರೆ ಲಕ್ಷ ಕೊಟ್ಟು ನಿದ್ದೆ ಮಾಡೋಕೆ ಬಂದ್ವಾ ಅಂತ" ಎಂದರು.

ಮೂರನೆಯ ಬೆಳಗ್ಗೆ ಶಿಫಾ ಮೈತುಂಬ ಕಪ್ಪು ಈಜುಡುಪು ತೊಟ್ಟು, ಕೈಯಲ್ಲಿ ಗಾಜಿನ ಮುಖವಾಡವನ್ನೂ ಉಸಿರಾಟದ ಕೊಳವೆಯನ್ನೂ ಹಿಡಿದು ಬಾಗಿಲಲ್ಲಿ ನಿಂತಳು. "ದೀದಿ, ಬನ್ನಿ. ಮೇಲಿಂದ ನೋಡಿದರೆ ಏನೂ ಇಲ್ಲ. ಇರುವುದೆಲ್ಲ ಕೆಳಗೆ."

"ನನಗೆ ಈಜು ಬರಲ್ಲ."

"ಜಾಕೆಟ್ ಇದೆ. ನಾನಿದ್ದೇನೆ."

ಶಾಮಲಾ ಸಲ್ವಾರ್ ಕಮೀಜ್ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು ನೀರಿಗಿಳಿದರು. ದಡದಲ್ಲಿ ತಿರುಮಲೇಶ ಅವರ ಚಪ್ಪಲಿ, ಬಳೆ ಎಲ್ಲ ಹಿಡಿದುಕೊಂಡು, "ಸಾಕು, ಸಾಕು, ಅಲ್ಲೇ ನಿಲ್ಲು" ಎನ್ನುತ್ತಿದ್ದರು. ಎದೆಮಟ್ಟದ ನೀರಿನಲ್ಲಿ ಶಿಫಾ ಅವರ ಕೈ ಹಿಡಿದು, ಮುಖ ಒಳಗೆ ಹಾಕಿ ಎಂದು ಸನ್ನೆ ಮಾಡಿದಳು. ಶಾಮಲಾ ಹಾಕಿದರು.

ಗಾಳಿ, ಅಲೆ, ಗಂಡನ ದನಿ ಎಲ್ಲ ಒಂದೇ ಸಲಕ್ಕೆ ನಿಂತುಹೋಯಿತು. ಉಳಿದದ್ದು ಕೊಳವೆಯಲ್ಲಿ ಹೋಗಿ ಬರುವ ತಮ್ಮದೇ ಉಸಿರು. ಆಮೇಲೆ ಇನ್ನೊಂದು ಸದ್ದು, ಕಟ್, ಕಟ್, ಪಕ್ಕದ ಕೋಣೆಯಲ್ಲಿ ಯಾರೋ ಚಕ್ಕುಲಿ ಕಡಿಯುತ್ತಿರುವ ಹಾಗೆ. ನೋಡಿದರೆ ಹಸಿರು ಮೈಯ, ಗುಲಾಬಿ ತುಟಿಯ ಒಂದು ಮೀನು ಹವಳದ ಕಲ್ಲನ್ನು ಕಡಿದು ತಿನ್ನುತ್ತಿತ್ತು. ಅದರ ಪಕ್ಕದಲ್ಲಿ ಅರಿಶಿನದ ಮೈಗೆ ನೇರಳೆ ಅಂಚಿನವು ಹತ್ತಾರು, ಮದುವೆ ಮನೆಯಲ್ಲಿ ಒಂದೇ ಥಾನಿನ ಸೀರೆ ಉಟ್ಟ ಹೆಂಗಸರಂತೆ ಗುಂಪಾಗಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತಿದ್ದವು. ಒಂದು ಮುದಿ ಆಮೆ ಯಾರ ಗೊಡವೆಯೂ ಇಲ್ಲದೆ ಕೆಳಗಿಂದ ಹಾದುಹೋಯಿತು. ಶಾಮಲಾ ನಕ್ಕರು. ನಕ್ಕಾಗ ಬಾಯಿಗೆ ಉಪ್ಪುನೀರು ನುಗ್ಗಿತು. ಕೆಮ್ಮುತ್ತ ತಲೆ ಎತ್ತಿ, ಬಾಯಿ ಒರೆಸಿಕೊಂಡು, ಮತ್ತೆ ಮುಖ ಒಳಗೆ ಹಾಕಿದರು.

ಮುಕ್ಕಾಲು ಗಂಟೆಯ ನಂತರ ದಡಕ್ಕೆ ಬಂದಾಗ ಮುಖವಾಡದ ಗುರುತು ಹಣೆಯ ಮೇಲೆ ಕೆಂಪಗೆ ಮೂಡಿತ್ತು.

"ಹೇಗಿತ್ತು?"

ಶಾಮಲಾ ಕಳಚಿದ ಮುಖವಾಡವನ್ನು ಗಂಡನ ಮುಂದೆ ಹಿಡಿದರು.

"ಏಯ್, ನಾನಾ? ಹುಚ್ಚಾ ನಿಂಗೆ?"

"ಮೊಣಕಾಲಷ್ಟು ನೀರು ಸಾಕು. ನಾನು ಹಿಡ್ಕೋತೀನಿ."

ತಿರುಮಲೇಶ ಬಹಳ ಹೊತ್ತು ಆ ಮುಖವಾಡವನ್ನು ನೋಡಿದರು. ಕೈಯಲ್ಲಿದ್ದ ಚಪ್ಪಲಿ, ಬಳೆಗಳನ್ನು ಮರಳ ಮೇಲೆ ಒಂದೊಂದಾಗಿ ಜೋಡಿಸಿಟ್ಟರು. ಪಂಚೆ ಎತ್ತಿ ಕಟ್ಟಿದರು. ಶಾಮಲಾ ಒಂದು ಕೈ, ಶಿಫಾ ಇನ್ನೊಂದು ಕೈ. ಹಿಂಬದಿ ಆಕಾಶಕ್ಕೆ, ಮುಖ ನೀರಿಗೆ. ಶಾಮಲಾ ಮನಸ್ಸಿನಲ್ಲೇ ಎಣಿಸಿದರು, ಒಂದು, ಎರಡು... ಹನ್ನೊಂದು. ಹನ್ನೊಂದಕ್ಕೆ ಅವರು ಧಡಕ್ಕನೆ ತಲೆ ಎತ್ತಿ ಕೂಗಿದರು: "ಶಾಮೂ! ಅಲ್ಲೊಂದು ನನ್ನೇ ನೋಡ್ತಿತ್ತು!"

ನಾಲ್ಕನೆಯ ದಿನ ಹನ್ನೊಂದು ಹೋಗಿ ಐವತ್ತಾಯಿತು.

ಮುಂಬಯಿಗೆ ಬಂದ ಭಾನುವಾರ ಧಾತ್ರಿ, ತಿಲಕ್ ಊಟಕ್ಕೆ ಬಂದರು. ಪಕ್ಕದ ಟವರಿನ ಮಶೀನಿಗೆ ಅಂದು ರಜ. ಧಾತ್ರಿಗೆ ಕನ್ನಡ ತಡವರಿಸಿ ಬರುತ್ತಿತ್ತು. "ಅಮ್ಮಾ, ಸಚ್ ಹೇಳು. ಪೈಸಾ ವಸೂಲ್ ಆಯ್ತಾ? ಟೋಟಲ್ ಕಿತನಾ ಆಯ್ತು?"

"ಶಿಫಾಗೆ ಕೊಟ್ಟಿದ್ದು, ಅದೂ ಇದೂ ಎಲ್ಲ ಸೇರಿ ಒಂದು ಲಕ್ಷದ ಐವತ್ತೆಂಟು ಸಾವಿರ" ಎಂದರು ಶಾಮಲಾ, ಸಾರು ಬಡಿಸುತ್ತ. "ಮೊದಲನೇ ದಿನ ವಸೂಲಾಗ್ಲಿಲ್ಲ. ಎರಡನೇ ದಿನಾನೂ ಇಲ್ಲ. ಮೂರನೇ ದಿನ ಬೆಳಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲರವರೆಗೆ ಆಯ್ತು."

"ಬಸ್? ಫೋರ್ಟಿಫೈವ್ ಮಿನಿಟ್ಸ್?" ತಿಲಕ್ ಫೋನು ತೆಗೆದು ಭಾಗಿಸಿದ. "ಆಂಟಿ, ಅಂದ್ರೆ ಒಂದು ನಿಮಿಷಕ್ಕೆ ಮೂರೂವರೆ ಸಾವಿರ ರೂಪಾಯಿ!"

"ಹೌದು" ಎಂದರು ಶಾಮಲಾ. "ಸರಿಯಾದ ರೇಟು."

ಧಾತ್ರಿ ಅಮ್ಮನ ಮುಖ ನೋಡಿದಳು. ಅಮ್ಮ ತಮಾಷೆ ಮಾಡುತ್ತಿರಲಿಲ್ಲ.

"ಅಪ್ಪಾ, ಔರ್ ಆಪ್?" ಎಂದು ಧಾತ್ರಿ ತಿರುಗಿದರೆ ಅಪ್ಪ ಕೈ ತೊಳೆದುಕೊಂಡು ಬಂದು, ಅಂಗಿಯ ಜೇಬಿನಿಂದ ಎರಡು ಫಾರಂ ತೆಗೆದು ಮೇಜಿನ ಮೇಲೆ ಬಿಡಿಸುತ್ತಿದ್ದರು. ಚೆಂಬೂರಿನ ಮುನಿಸಿಪಾಲಿಟಿ ಈಜುಕೊಳದವು. ಅರವತ್ತಮೂರು ವರ್ಷದವರನ್ನು ಸೇರಿಸಿಕೊಳ್ಳುತ್ತೀರಾ ಎಂದು ಹಿಂದಿನ ದಿನವೇ ಹೋಗಿ ಕೇಳಿಕೊಂಡು ಬಂದಿದ್ದರಂತೆ. ಡಾಕ್ಟರ ಸರ್ಟಿಫಿಕೇಟ್ ತಂದರೆ ಆಯಿತು ಎಂದರಂತೆ ಅವರು.

ಹೆಂಗಸರ ಬ್ಯಾಚ್ ಬೇರೆ, ಗಂಡಸರ ಬ್ಯಾಚ್ ಬೇರೆ. ಈಗ ತಿರುಮಲೇಶ ಬೆಳಗ್ಗೆ ಆರಕ್ಕೆ ಹೊರಡುತ್ತಾರೆ, ಶಾಮಲಾ ಹತ್ತಕ್ಕೆ. ತಿರುಮಲೇಶ ಇನ್ನೂ ಗೋಡೆ ಹಿಡಿದುಕೊಂಡೇ ಕಾಲು ಬಡಿಯುತ್ತಿದ್ದಾರೆ. ಶಾಮಲಾ ಅಗಲಕ್ಕೆ ಅರ್ಧದವರೆಗೆ ಹೋಗುತ್ತಾರೆ, ಅಲ್ಲಿ ನಿಂತು ದಣಿವಾರಿಸಿಕೊಂಡು ಉಳಿದರ್ಧ ನಡೆದು ದಾಟುತ್ತಾರೆ. ಒದ್ದೆ ಟವೆಲ್ಲು ಮಂಚದ ಮೇಲೆ ಹಾಕಿದವರು ಯಾರು ಎಂಬ ಬಗ್ಗೆ ಮನೆಯಲ್ಲಿ ದಿನಾ ಒಂದು ಸಣ್ಣ ಜಗಳ ನಡೆಯುತ್ತದೆ.